ಕಡಲಿನ ಉಸಿರೂ ಗದ್ದೆಯ ಗೊಬ್ಬರವೂ

ತೆಂಗಿನ ಸಿಪ್ಪೆಯನ್ನು ನಾರಿಗಾಗಿ ಕೊಳೆಹಾಕುವ ಹಿನ್ನೀರಿನ ಹೊಂಡಗಳನ್ನು ಕರಾವಳಿಯ ನಮ್ಮ ಓದುಗರು ಕಂಡಿರುವರಷ್ಟೆ. ಸಿಪ್ಪೆ ನೀರಿಗೆ ಬಿದ್ದ ಕೆಲವು ವಾರಗಳಲ್ಲಿ ಆ ನೀರು ಕಪ್ಪಾಗುತ್ತದೆ. ಮೊಟ್ಟೆ ಕೊಳೆತಂತಹ ನಾತ ದೂರಕ್ಕೂ ಹೊಡೆಯುತ್ತದೆ. ಅಂತಹ ಹೊಂಡದಲ್ಲಿ ಮೀನು ನಿಲ್ಲದು, ಏಡಿ ಹತ್ತಿರ ಸುಳಿಯದು. ಆ ನೀರಿಗೆ ಯಾರೂ ವಿಷ ಹಾಕಿದವರಲ್ಲ. ಸಿಪ್ಪೆಯನ್ನು ಕೊಳೆಯಿಸುವ ಸೂಕ್ಷ್ಮಾಣುಗಳು ನೀರಿನಲ್ಲಿದ್ದ ಪ್ರಾಣವಾಯುವನ್ನೆಲ್ಲ ತಾವೇ ಬಳಸಿ ಮುಗಿಸಿರುತ್ತವೆ, ಅಷ್ಟೆ.

ಇದೇ ಸಂಗತಿ ಹೊಂಡದಲ್ಲಲ್ಲ, ತೆರೆದ ಕಡಲಿನಲ್ಲಿಯೇ, ಅದೂ ಸಾವಿರಾರು ಚದರ ಕಿಲೋಮೀಟರುಗಳ ಹರವಿನಲ್ಲಿ ನಡೆಯುತ್ತಿದೆ ಎಂದರೆ ನಂಬುವುದು ಕಷ್ಟ. ಆದರೆ ನಡೆಯುತ್ತಿರುವುದು ನಿಜ. ಜರ್ಮನಿಯ ಕೀಲ್ ಪಟ್ಟಣದ ಕಡಲ ವಿಜ್ಞಾನಿಗಳು ಜಗತ್ತಿನ ಎಲ್ಲ ಸಮುದ್ರಗಳಲ್ಲಿ ಅಳೆದಿಟ್ಟ ಲೆಕ್ಕಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಪ್ರಕಾರ, 1960ರಿಂದೀಚೆಗೆ ಐವತ್ತು ವರ್ಷಗಳಲ್ಲಿ ಕಡಲಿನಲ್ಲಿದ್ದ ಆಮ್ಲಜನಕದಲ್ಲಿ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚು ನಷ್ಟವಾಗಿದೆ. ಎರಡೇ ಪಾಲಲ್ಲವೇ ಎಂದು ಹಗುರಾಗಿ ಎಣಿಸುವಂತಿಲ್ಲ. ಈ ನಷ್ಟ ಎಲ್ಲ ಕಡೆಯೂ ಸಮನಾಗಿ ಹಂಚಿಹೋಗಿಲ್ಲ. ಮೊದಲೇ ಉಸಿರು ಕಡಮೆಯಿದ್ದ ಕಡೆಗಳಲ್ಲಿ ಇದು ಬರಗಾಲದ ಊರಿಗೆ ಮತ್ತೊಂದು ಮಳೆ ತಪ್ಪಿದಂತೆ.

ಕೃಷಿ ಪುಟದಲ್ಲಿ ಕಡಲಿನ ಮಾತೇಕೆ, ಅದು ಮೊಗವೀರರಿಗೆ ಬಿಟ್ಟ ವಿಷಯವಲ್ಲವೇ ಎಂದು ಕೇಳುವವರಿರಬಹುದು. ಕಡಲಿಗೆ ಉಸಿರು ಕಟ್ಟುವ ಕಾರಣಗಳಲ್ಲಿ ಒಂದು ಹೊರಡುವುದೇ ರೈತನ ಗೊಬ್ಬರದ ಚೀಲದಿಂದ. ಆದುದರಿಂದ ಈ ವಾರ ಇದನ್ನು ಎತ್ತಿಕೊಂಡಿದ್ದೇವೆ.

ಮೊದಲು ನೀರಿನೊಳಗಿನ ಉಸಿರಿನ ವಿಚಾರ. ನೀರೆಂಬುದೇ ಜಲಜನಕ, ಆಮ್ಲಜನಕಗಳ ಕೂಡಿಕೆಯೆಂದು ಶಾಲೆಯಲ್ಲಿ ಕಲಿತ ಮಕ್ಕಳು, ಹಾಗಿದ್ದರೆ ನೀರಿನಲ್ಲಿ ಆಮ್ಲಜನಕಕ್ಕೆ ಬರವುಂಟೆ ಎಂದು ಕೇಳುವುದುಂಟು. ಕೂಡಿಕೆಯಲ್ಲಿ ಸೇರಿಹೋದ ಆಮ್ಲಜನಕ ಮೀನಿಗೆ ಉಪಯೋಗಕ್ಕೆ ಬಾರದು. ಸಕ್ಕರೆ ನೀರಿನಲ್ಲಿ ಕರಗುವಂತೆ ಗಾಳಿಯಿಂದ ಬಂದು ಬೇರೆಯಾಗಿ ಕರಗಿದ ಆಮ್ಲಜನಕವನ್ನೇ ಅದು ತನ್ನ ಕಿವಿರುಗಳಿಂದ ಸೋಸಿಕೊಳ್ಳಬೇಕು. ಆ ಕರಗಿದ ಪಾಲು ಬಹಳ ಸ್ವಲ್ಪ. ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, ನಮ್ಮ ಬೆಚ್ಚನೆಯ ಕಡಲಿನ ಒಂದು ಲೀಟರ್ ಮೇಲುನೀರಿನಲ್ಲಿ ಇರುವುದು ಸುಮಾರು ಆರೂವರೆ ಮಿಲಿಗ್ರಾಂ. ಎಂದರೆ ನಲವತ್ತರಲ್ಲಿ ಒಂದು ಪಾಲು. ಅದು ಎರಡು ಮಿಲಿಗ್ರಾಮಿಗಿಂತ ಕೆಳಕ್ಕೆ ಇಳಿದರೆ ಹೆಚ್ಚಿನ ಮೀನು, ಸೀಗಡಿಗಳು ಅಲ್ಲಿ ಬಾಳಲಾರವು. ಮೀನಿನ ಬದುಕು ಎಷ್ಟು ಕಿರಿದಾದ ಅಂಚಿನ ಮೇಲೆ ನಡೆದಿದೆಯೆಂಬುದು ಇದರಿಂದ ತಿಳಿಯುತ್ತದೆ.

ನೀರು ಬೆಚ್ಚಗಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಮೆ. ಮಂಜುಗಟ್ಟುವ ತಣ್ಣನೆಯ ಸಿಹಿನೀರು ಲೀಟರಿಗೆ 14.6 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿ ಸೆಲ್ಸಿಯಸ್ ಶಾಖದ ನೀರು ಏಳೂವರೆಯಷ್ಟೇ ಹಿಡಿಯುತ್ತದೆ. ಉಪ್ಪುನೀರಾದರೆ ಅದಕ್ಕಿಂತಲೂ ಸುಮಾರು ಐದರಲ್ಲಿ ಒಂದು ಪಾಲು ಕಡಮೆ. ಬೇಸಿಗೆಯಲ್ಲಿ ಕೆರೆ ಬತ್ತುತ್ತ ಬಂದಾಗ ಮುಂಜಾವದ ಹೊತ್ತಿಗೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುವುದನ್ನು ನೋಡಿದವರು ಅನೇಕರಿರಬಹುದು. ಹಗಲಿನಲ್ಲಿ ಪಾಚಿ, ಜಲಸಸ್ಯಗಳು ಬಿಸಿಲಿನ ಬಲದಿಂದ ಆಮ್ಲಜನಕವನ್ನು ಬಿಡುತ್ತವೆ. ರಾತ್ರಿ ಅವೂ ನಮ್ಮಂತೆಯೇ ಅದನ್ನು ಸೇವಿಸುತ್ತವೆ. ಬೆಳಗಾಗುವಷ್ಟರಲ್ಲಿ ಖಜಾನೆ ಬರಿದಾಗಿರುತ್ತದೆ.

ಇನ್ನು ಆಳದ ಪಾಡು. ಬೇಸಿಗೆಯ ಕೆರೆಯಲ್ಲಿ ಈಜುವವರಿಗೆ ಎದೆಮಟ್ಟದ ನೀರು ಬೆಚ್ಚಗೆ, ಪಾದಕ್ಕೆ ತಗಲುವ ನೀರು ತಣ್ಣಗೆ ಇರುವುದು ಅನುಭವಕ್ಕೆ ಬಂದ ವಿಷಯ. ಬೆಚ್ಚನೆಯ ನೀರು ಹಗುರ, ತಣ್ಣನೆಯದು ಭಾರ. ಸಿಹಿನೀರು ಹಗುರ, ಉಪ್ಪುನೀರು ಭಾರ. ಹಗುರವಾದುದು ಮೇಲೆ ತೇಲಿ ನಿಂತು ಕೆಳಗಿನ ನೀರಿಗೆ ಮುಚ್ಚಳದಂತಾಗುತ್ತದೆ. ಗಾಳಿಯಿಂದ ಆಮ್ಲಜನಕ ಸೇರುವುದು ಮೇಲಿನ ಪದರಕ್ಕೆ ಮಾತ್ರ. ಮುಚ್ಚಳ ಗಟ್ಟಿಯಾದಷ್ಟೂ ಅದು ಕೆಳಕ್ಕೆ ಇಳಿಯುವುದು ನಿಲ್ಲುತ್ತದೆ. ಅತ್ತ ಮೇಲಿನಿಂದ ಸತ್ತ ಪಾಚಿ, ಜೀವಿಗಳ ಕಶ್ಮಲ ಮಳೆಯಂತೆ ಕೆಳಕ್ಕೆ ಉದುರುತ್ತಲೇ ಇರುತ್ತದೆ. ಅದನ್ನು ಕೊಳೆಯಿಸುವ ಸೂಕ್ಷ್ಮಾಣುಗಳಿಗೆ ಆಮ್ಲಜನಕ ಬೇಕು. ವರಮಾನವಿಲ್ಲದೆ ವೆಚ್ಚ ಮಾತ್ರವಿರುವ ಮನೆಯ ಸ್ಥಿತಿ ತಳದ ನೀರಿನದು.

ಈ ಕಥೆಯೊಳಗೆ ಗೊಬ್ಬರ ಬಂದು ಸೇರುವ ಬಗೆಯನ್ನು ತಿಳಿಯಲು ಅಮೆರಿಕದ ಮಿಸ್ಸಿಸಿಪಿ ನದಿಯ ಅಳಿವೆಯಷ್ಟು ಸ್ಪಷ್ಟವಾದ ಉದಾಹರಣೆ ಮತ್ತೊಂದಿಲ್ಲ. ಆ ನದಿ ಮತ್ತು ಅದರ ಉಪನದಿಗಳಿಗೆ ನೀರು ಹರಿಸುವ ನೆಲ ಸುಮಾರು 32 ಲಕ್ಷ ಚದರ ಕಿಲೋಮೀಟರು. ಹೆಚ್ಚುಕಡಮೆ ಇಡೀ ಭಾರತದಷ್ಟು. ಅದರ ನಡುಭಾಗದ ಅಯೋವಾ, ಇಲಿನಾಯ್ ಮೊದಲಾದ ಪ್ರಾಂತ್ಯಗಳು ಜೋಳದ ಕಣಜಗಳು, ನಾವು ಮೆಕ್ಕೆಜೋಳವೆನ್ನುವುದು. ಅಲ್ಲಿನ ಎಷ್ಟೋ ಹೊಲಗಳು ಮೊದಲು ಜೌಗು ನೆಲವಾಗಿದ್ದವು. ಮಣ್ಣಿನಡಿಯಲ್ಲಿ ತೂತಿನ ಕೊಳವೆಗಳನ್ನು ಹೂತು ಜೌಗನ್ನು ಬಸಿದು ಹೊಲ ಮಾಡಿಕೊಂಡರು. ಆ ಕೊಳವೆಗಳಲ್ಲಿ ಈಗ ಮಳೆನೀರಿನೊಡನೆ ಹೊಲಕ್ಕೆ ಹಾಕಿದ ಸಾರಜನಕವೂ ಸೋರಿ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಮೆಕ್ಸಿಕೊ ಕೊಲ್ಲಿಗೆ ಹೋಗುತ್ತದೆ. ನೂರಾರು ಮೈಲು ಒಳನಾಡಿನಲ್ಲಿ, ಕಡಲನ್ನು ಕಣ್ಣಿನಿಂದ ಕಾಣದ ರೈತ ವಸಂತದಲ್ಲಿ ಹಾಕಿದ ಗೊಬ್ಬರ ಹೀಗೆ ಕಡಲಿಗೆ ಸೇರುತ್ತದೆ.

ಕಡಲಿಗೆ ಸೇರಿದ ಗೊಬ್ಬರವೂ ಗೊಬ್ಬರವೇ. ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಗಳು ಅದನ್ನುಂಡು ವಿಪರೀತವಾಗಿ ಬೆಳೆಯುತ್ತವೆ. ಮಿತಿಯಲ್ಲಿದ್ದರೆ ಇದು ಕೇಡಲ್ಲ, ಮೀನಿಗೆ ಮೇವು. ಮಿತಿ ಮೀರಿದಾಗ ತಿಂದು ತೀರಿಸುವವರಿಲ್ಲದೆ ಪಾಚಿ ಸತ್ತು ತಳಕ್ಕೆ ಬೀಳುತ್ತದೆ. ನದಿಯ ಸಿಹಿನೀರು ಮೇಲೆ ಮುಚ್ಚಳ ಹಾಕಿ ನಿಂತಿರುತ್ತದೆ. ಕೆಳಗೆ ನಮ್ಮ ಸಿಪ್ಪೆಹೊಂಡದ ಕೆಲಸ ಆರಂಭವಾಗುತ್ತದೆ.

ನ್ಯಾನ್ಸಿ ರಬಲೇಸ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1985ರಿಂದ ಬೇಸಿಗೆಯಲ್ಲಿ ಹಡಗಿನಲ್ಲಿ ಹೋಗಿ ಈ ಉಸಿರಿಲ್ಲದ ನೀರಿನ ಹರವನ್ನು ಅಳೆಯುತ್ತ ಬಂದರು. ಪತ್ರಿಕೆಗಳು ಇದಕ್ಕೆ ‘ಸತ್ತ ವಲಯ’ ಎಂದು ಹೆಸರಿಟ್ಟವು. 2017ರಲ್ಲಿ ಅದು 22,730 ಚದರ ಕಿಲೋಮೀಟರಿಗೆ ಹರಡಿತ್ತು. ನಮ್ಮ ಕಾಸರಗೋಡು ಜಿಲ್ಲೆಯಂತಹ ಹನ್ನೊಂದು ಜಿಲ್ಲೆಗಳನ್ನು ಅದರೊಳಗೆ ಇಡಬಹುದು. 2024ರಲ್ಲಿಯೂ ಸುಮಾರು 17,400 ಚದರ ಕಿಲೋಮೀಟರ್ ಇತ್ತು. ಇದನ್ನು 5,000 ಚದರ ಕಿಲೋಮೀಟರಿಗೆ ಇಳಿಸಬೇಕೆಂದು ಅಲ್ಲಿನ ಸರಕಾರಗಳು ಮೊದಲು 2015ರ ಗಡುವು ಹಾಕಿಕೊಂಡಿದ್ದವು. ಈಗ ಅದು 2035ಕ್ಕೆ ಮುಂದೆ ಹೋಗಿದೆ. ಗಡುವು ಮುಂದೂಡುವ ವಿದ್ಯೆ ನಮ್ಮ ದೇಶದವರಿಗೆ ಮಾತ್ರ ತಿಳಿದುದಲ್ಲ ಎಂದಾಯಿತು.

ಒಂದು ಚೀಲ ಗೊಬ್ಬರಕ್ಕೆ ಎಷ್ಟು ಉಸಿರು ತಗಲುತ್ತದೆಯೆಂದು ನಾವೇ ಒಂದು ಲೆಕ್ಕ ಹಾಕಿ ನೋಡಿದೆವು. ಈಗಿನ ಯೂರಿಯಾ ಚೀಲ 45 ಕಿಲೋ. ಅದರಲ್ಲಿ ಸಾರಜನಕ ನೂರಕ್ಕೆ 46 ಪಾಲು, ಎಂದರೆ ಸುಮಾರು 20 ಕಿಲೋ ಚಿಲ್ಲರೆ. ಗದ್ದೆಗೆ ಹಾಕಿದುದರಲ್ಲಿ ಭತ್ತದ ಪೈರಿಗೆ ದಕ್ಕುವುದು ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲು, ಚೆನ್ನಾಗಿ ನೋಡಿಕೊಂಡರೆ ಐದರಲ್ಲಿ ಎರಡು ಪಾಲು. ಉಳಿದುದರಲ್ಲಿ ಕೆಲವಂಶ ಗಾಳಿಗೆ, ಕೆಲವಂಶ ನೀರಿಗೆ. ಐದರಲ್ಲಿ ಒಂದು ಪಾಲು, ನಾಲ್ಕು ಕಿಲೋ, ತೋಡು ಹಿಡಿದು ಕಡಲಿಗೆ ಹೋಯಿತೆಂದು ಇಟ್ಟುಕೊಳ್ಳಿ. ಕಡಲಿನ ಪಾಚಿಯಲ್ಲಿ ಯಾವ ಧಾತು ಯಾವ ಪ್ರಮಾಣದಲ್ಲಿರುತ್ತದೆಂಬುದನ್ನು ಅಮೆರಿಕದ ಆಲ್ಫ್ರೆಡ್ ರೆಡ್‌ಫೀಲ್ಡ್ ಎಂಬವರು ಬಹಳ ಹಿಂದೆಯೇ ಕಂಡುಹಿಡಿದಿದ್ದರು. ಅವರ ಪ್ರಮಾಣದಂತೆ ಒಂದು ಗ್ರಾಂ ಸಾರಜನಕದಿಂದ ಬೆಳೆದ ಪಾಚಿ ಪೂರ್ತಿ ಕೊಳೆಯಲು ಸುಮಾರು 20 ಗ್ರಾಂ ಆಮ್ಲಜನಕ ಬೇಕು. ನಾಲ್ಕು ಕಿಲೋಗೆ 80 ಕಿಲೋ ಆಯಿತು. ಲೀಟರಿಗೆ ಆರೂವರೆ ಮಿಲಿಗ್ರಾಮಿನಂತೆ 80 ಕಿಲೋ ಆಮ್ಲಜನಕ ಇರುವುದು ಸುಮಾರು ಒಂದೂಕಾಲು ಕೋಟಿ ಲೀಟರ್ ನೀರಿನಲ್ಲಿ. ಒಂದು ಎಕರೆ ಅಗಲ, ಮೂರು ಮೀಟರ್ ಆಳದ ಕೆರೆಯ ಉಸಿರೆಲ್ಲ ಒಂದು ಚೀಲದ ಸೋರಿಕೆಗೆ ಮುಗಿಯುತ್ತದೆ. ಎಲ್ಲ ಪಾಚಿಯೂ ತಳಕ್ಕೆ ಬೀಳುವುದಿಲ್ಲ, ಅಲೆ ಗಾಳಿಗಳು ಹೊಸ ಆಮ್ಲಜನಕವನ್ನು ತರುತ್ತಲೂ ಇರುತ್ತವೆ. ಆದುದರಿಂದ ಇದನ್ನು ಕಣ್ಣಳತೆಯ ಲೆಕ್ಕವೆಂದು ತಿಳಿಯಬೇಕು. ಆದರೂ ಚೀಲ ಬಿಚ್ಚುವಾಗ ನೆನಪಿಡುವುದಕ್ಕೆ ಸಾಕು. ಸೋರಿದ ನಾಲ್ಕು ಕಿಲೋ ಸಾರಜನಕಕ್ಕೆ ರೈತ ಹಣ ಕೊಟ್ಟಿರುತ್ತಾನೆಂಬುದು ಬೇರೆ ಮಾತು.

ಇಂತಹ ನೀರಿನಲ್ಲಿ ಸಿಕ್ಕಿದ ಜೀವಿಗಳ ಗತಿಯೇನು? ಈಜಬಲ್ಲ ಮೀನು ಓಡಿಹೋಗುತ್ತದೆ. ತಳದ ಮಣ್ಣಿನಲ್ಲಿ ಹುಗಿದುಕೊಂಡು ಬಾಳುವ ಚಿಪ್ಪುಜೀವಿ, ಹುಳು, ಸಣ್ಣ ಏಡಿಗಳು ಓಡಲಾರದೆ ಅಲ್ಲೇ ಸಾಯುತ್ತವೆ. ಅವು ದೊಡ್ಡ ಮೀನುಗಳ ಊಟವಾದುದರಿಂದ, ನೀರು ಸರಿಹೋದ ಮೇಲೆ ಹಿಂತಿರುಗಿ ಬಂದ ಮೀನಿಗೆ ಎಲೆ ಬರಿದಾಗಿರುತ್ತದೆ. ಓಡಿಹೋದ ಮೀನು ಉಸಿರಿಲ್ಲದ ನೀರಿನ ಅಂಚಿನಲ್ಲಿ ಗುಂಪುಗೂಡುತ್ತದೆ. ಅಲ್ಲಿ ಬಲೆ ಬೀಸಿದವನಿಗೆ ಒಂದು ದಿನ ದೋಣಿ ತುಂಬ ಮೀನು. ಅದನ್ನು ಕಂಡು ಕಡಲು ಸಮೃದ್ಧವಾಗಿದೆಯೆಂದು ಎಣಿಸುವುದು, ನೆರೆಗೆ ಹೆದರಿ ದಿಣ್ಣೆ ಹತ್ತಿದ ದನಗಳನ್ನು ಕಂಡು ಊರಿನಲ್ಲಿ ದನ ಹೆಚ್ಚಾಯಿತೆಂದು ಹೇಳಿದಂತೆ. ಅಮೆರಿಕದ ಅಲಬಾಮ ಪ್ರಾಂತ್ಯದ ಮೊಬೈಲ್ ಕೊಲ್ಲಿಯಲ್ಲಿ ಬೇಸಿಗೆಯ ಕೆಲವು ರಾತ್ರಿಗಳಲ್ಲಿ ಏಡಿ, ಸೀಗಡಿ, ಚಪ್ಪಟೆ ಮೀನುಗಳು ತಾವಾಗಿಯೇ ದಂಡೆಗೆ ಬಂದು ಬೀಳುತ್ತವೆ. ಜನರು ಬುಟ್ಟಿ, ದೀಪ ಹಿಡಿದು ಓಡುತ್ತಾರೆ. ಅದಕ್ಕೆ ‘ಜ್ಯೂಬಿಲಿ’ ಎಂದೇ ಹೆಸರು. 19ನೆಯ ಶತಮಾನದಿಂದಲೂ ನಡೆದು ಬಂದ ಹಬ್ಬವದು. ಮೀನಿಗೆ ಅದು ಹಬ್ಬವಲ್ಲ, ತಳದ ನೀರಿನಲ್ಲಿ ಉಸಿರು ಮುಗಿದು ಓಡಿಬಂದ ಗುಳೆ.

ಸಾಯದೆ ಉಳಿದವುಗಳೂ ಸುಖವಾಗಿಲ್ಲ. ಉಸಿರು ಸಾಲದ ಮೀನು ಮೇವು ಕಡಮೆ ತಿನ್ನುತ್ತದೆ, ನಿಧಾನವಾಗಿ ಬೆಳೆಯುತ್ತದೆ. ಮೆಕ್ಸಿಕೊ ಕೊಲ್ಲಿಯ ಕ್ರೋಕರ್ ಎಂಬ ಮೀನಿನಲ್ಲಿ ಮೊಟ್ಟೆಗಳು ಕಡಮೆಯಾದುದನ್ನೂ, ಕೆಲವು ಹೆಣ್ಣುಮೀನುಗಳ ಅಂಡಾಶಯದಲ್ಲಿ ಗಂಡಿನ ಲಕ್ಷಣಗಳು ಕಾಣಿಸಿಕೊಂಡುದನ್ನೂ ವಿಜ್ಞಾನಿಗಳು ವರದಿಮಾಡಿದ್ದಾರೆ. ಅದೇ ಕೊಲ್ಲಿಯ ಸೀಗಡಿಯ ಮಾರುಕಟ್ಟೆಯನ್ನು ಪರೀಕ್ಷಿಸಿದವರು 2017ರಲ್ಲಿ ಪ್ರಕಟಿಸಿದ ಸಂಗತಿ ನಮ್ಮ ಪೇಟೆಯವರಿಗೂ ಅರ್ಥವಾಗುವಂತಹದು: ಸತ್ತ ವಲಯ ದೊಡ್ಡದಾದಾಗ ಬಲೆಗೆ ಸಣ್ಣ ಸೀಗಡಿಯೇ ಹೆಚ್ಚಾಗಿ ಬಿದ್ದು, ದೊಡ್ಡ ಸೀಗಡಿಯ ಬೆಲೆ ಸಣ್ಣದರ ಬೆಲೆಗಿಂತ ಬಹಳ ಮೇಲಕ್ಕೇರುತ್ತದೆ. ಇನ್ನು ಟ್ಯೂನಾ, ಮಾರ್ಲಿನ್ ಮೊದಲಾದ ವೇಗದ ಮೀನುಗಳಿಗೆ ಹೆಚ್ಚು ಆಮ್ಲಜನಕ ಬೇಕಾದುದರಿಂದ ಅವು ಆಳಕ್ಕೆ ಇಳಿಯಲಾರದೆ ಮೇಲಿನ ತೆಳುಪದರದಲ್ಲೇ ಸುಳಿದಾಡಬೇಕಾಗುತ್ತದೆ. ಅಟ್ಲಾಂಟಿಕ್ ಕಡಲಿನ ಉಷ್ಣವಲಯದಲ್ಲಿ ನೀಲಿ ಮಾರ್ಲಿನ್ ಮೀನಿಗೆ 1960ರಿಂದ 2010ರವರೆಗೆ ವಾಸಯೋಗ್ಯವಾದ ನೀರಿನಲ್ಲಿ ನೂರಕ್ಕೆ 15 ಪಾಲು ಕಡಮೆಯಾಗಿದೆಯೆಂದು ಲೆಕ್ಕ ಹಾಕಿದ್ದಾರೆ. ಮೇಲಕ್ಕೆ ಬಂದ ಮೀನು ಬಲೆಗೂ ಗಾಳಕ್ಕೂ ಸುಲಭವಾಗಿ ಸಿಗುತ್ತದೆಂಬುದನ್ನು ಬೇರೆ ಹೇಳಬೇಕಿಲ್ಲ.

ಅಮೆರಿಕದ ಮಾತು ಅಲ್ಲಿಗಿರಲಿ. ಮಂಜೇಶ್ವರದಿಂದ ಚಂದ್ರಗಿರಿಯ ಅಳಿವೆಯವರೆಗೆ ನಮ್ಮ ಮನೆಯ ಮುಂದೆಯೇ ಇರುವ ಅರಬ್ಬೀ ಸಮುದ್ರದ ಸ್ಥಿತಿ ಹೇಗಿದೆ? ಈ ಸಮುದ್ರ ಆಳದಲ್ಲಿ ಹುಟ್ಟಾ ಉಸಿರುಕಡಮೆಯದು. ಸುಮಾರು 150 ಮೀಟರಿನಿಂದ 1,000 ಮೀಟರ್ ಆಳದವರೆಗೆ, ಅದರ ಬಹುಭಾಗದಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಮೆ. ಮೂರು ದಿಕ್ಕಿಗೂ ನೆಲ ಮುಚ್ಚಿರುವುದರಿಂದ ಉತ್ತರದಿಂದ ತಣ್ಣನೆಯ ಹೊಸ ನೀರು ಬಂದು ಸೇರುವ ದಾರಿಯಿಲ್ಲ. ಮೇಲಾಗಿ ಮುಂಗಾರಿನ ಗಾಳಿ ಆಳದ ಸಾರವತ್ತಾದ ನೀರನ್ನು ಮೇಲಕ್ಕೆ ಎಳೆದು ಪಾಚಿಯನ್ನು ಹೇರಳವಾಗಿ ಬೆಳೆಸುತ್ತದೆ. ನಮ್ಮ ಬೂತಾಯಿ, ಬಂಗುಡೆಗಳ ಸಮೃದ್ಧಿಗೆ ಕಾರಣವೂ ಅದೇ, ಆಳದಲ್ಲಿ ಉಸಿರು ಮುಗಿಯುವುದಕ್ಕೆ ಕಾರಣವೂ ಅದೇ. 1933–34ರಲ್ಲಿ ‘ಮಬಾಹಿಸ್’ ಎಂಬ ಈಜಿಪ್ಟಿನ ಹಡಗಿನಲ್ಲಿ ಸೇಮೂರ್ ಸೀವೆಲ್ ಎಂಬವರ ನೇತೃತ್ವದಲ್ಲಿ ಈ ಸಮುದ್ರವನ್ನು ಶೋಧಿಸಿದವರಿಗೆ ಕೆಲವು ಆಳಗಳಲ್ಲಿ ತಳವನ್ನು ಗೀರಿದರೂ ಜೀವಿಗಳೇ ಸಿಗಲಿಲ್ಲ.

ಈ ಆಳದ ನೀರು ಆಳದಲ್ಲೇ ಇದ್ದಿದ್ದರೆ ಕರಾವಳಿಯವರಿಗೆ ಚಿಂತೆಯಿರಲಿಲ್ಲ. ಮುಂಗಾರು ಹಿಡಿದೊಡನೆ ಅದು ಮೆಲ್ಲಮೆಲ್ಲನೆ ಏರಿ, ದಂಡೆಯ ಕಡೆಯ ಆಳವಿಲ್ಲದ ತಳದ ಮೇಲೆ ಹರಡಿಕೊಳ್ಳುತ್ತದೆ. ಅದರ ಮೇಲೆ ಮಳೆನೀರು, ಹೊಳೆನೀರುಗಳ ತೆಳುವಾದ ಮುಚ್ಚಳ ಬೀಳುತ್ತದೆ. ಆಗಸ್ಟಿನಿಂದ ಅಕ್ಟೋಬರಿನವರೆಗೆ, ಅದರಲ್ಲೂ ಸೆಪ್ಟೆಂಬರ್ ಹೊತ್ತಿಗೆ, ಮೇಲಿನ ಕೆಲವೇ ಮೀಟರ್ ನೀರನ್ನು ಬಿಟ್ಟರೆ ಕೆಳಗೆಲ್ಲ ಉಸಿರು ಸಾಲದ ನೀರು. ಮುಂದೆ ಪ್ರವಾಹ ತಿರುಗಿ ಡಿಸೆಂಬರಿನ ಹೊತ್ತಿಗೆ ತಾನಾಗಿ ತೆರವಾಗುತ್ತದೆ. ಕೊಚ್ಚಿಯಲ್ಲಿ ಕೆಲಸ ಮಾಡಿದ ಕಾರ್ಲ್ ಬಾನ್ಸೆ ಎಂಬ ಜರ್ಮನ್ ವಿಜ್ಞಾನಿ 1959ರಲ್ಲೇ ಇದನ್ನು ಬರೆದಿಟ್ಟಿದ್ದಾರೆ: ಮಳೆಗಾಲದಲ್ಲಿ ತಳದ ಬಲೆಗೆ ಮೀನು ಬೀಳದಿರುವುದು ಕಡಲು ಮುನಿದುದರಿಂದಲ್ಲ, ತಳದ ನೀರಿನಲ್ಲಿ ಆಮ್ಲಜನಕವಿಲ್ಲದೆ ಮೀನು ಬೇರೆಡೆಗೆ ಸರಿದುದರಿಂದ.

1966ರಲ್ಲಿ ಸ್ಥಾಪಿತವಾದ, ಗೋವೆಯ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಈ ವಿಷಯವನ್ನು ಬಿಡದೆ ಬೆನ್ನಟ್ಟಿದ್ದಾರೆ. 1997ರಿಂದ ಅವರು ಕಾಂಡೋಳಿಯ ಎದುರಿನ ಕಡಲಿನಲ್ಲಿ ಒಂದೇ ಸ್ಥಳಕ್ಕೆ ಮತ್ತೆ ಮತ್ತೆ ಹೋಗಿ ನೀರನ್ನು ಪರೀಕ್ಷಿಸುತ್ತ ಬಂದರು. 1999ರ ಮಳೆಗಾಲದ ಕೊನೆಯಲ್ಲಿ ಸಂಸ್ಥೆಯ ಎಸ್. ಡಬ್ಲ್ಯೂ. ಎ. ನಖ್ವಿ ಮತ್ತು ಸಂಗಡಿಗರಿಗೆ ಪಶ್ಚಿಮ ಕರಾವಳಿಯ ತಳದ ನೀರಿನಲ್ಲಿ ಆಮ್ಲಜನಕ ಪೂರ್ತಿ ಮುಗಿದು, ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಅನಿಲವೇ ದೊರಕಿತು. ಸಿಪ್ಪೆಹೊಂಡದ ಅದೇ ಅನಿಲ! ಪಶ್ಚಿಮ ಕರಾವಳಿಯುದ್ದಕ್ಕೂ ಉಸಿರು ಸಾಲದ ನೀರು ಸುಮಾರು 1,80,000 ಚದರ ಕಿಲೋಮೀಟರಿಗೆ ಹರಡುತ್ತದೆಯೆಂದು ಅವರು ಅಂದಾಜು ಮಾಡಿದರು. ಮೆಕ್ಸಿಕೊ ಕೊಲ್ಲಿಯ ಸತ್ತ ವಲಯ ಇದರ ಮುಂದೆ ಸಣ್ಣದು. ಇಂತಹ ನೀರಿನಲ್ಲಿ ಸೂಕ್ಷ್ಮಾಣುಗಳು ಆಮ್ಲಜನಕದ ಬದಲು ನೈಟ್ರೇಟನ್ನು ಬಳಸುವಾಗ ನೈಟ್ರಸ್ ಆಕ್ಸೈಡ್ ಎಂಬ ಅನಿಲ ಬಿಡುಗಡೆಯಾಗುತ್ತದೆ. ಭೂಮಿಯನ್ನು ಬಿಸಿಯಾಗಿಸುವುದರಲ್ಲಿ ಅದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿನ ಸುಮಾರು 270 ಪಟ್ಟು.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ನಮ್ಮ ಕರಾವಳಿಯ ಈ ಸ್ಥಿತಿಗೆ ಮೂಲ ಕಾರಣ ಗೊಬ್ಬರವಲ್ಲ, ನಿಸರ್ಗ. ಕಾಸರಗೋಡಿನ ರೈತ ಯೂರಿಯಾವನ್ನು ಕೈಯಿಂದ ಮುಟ್ಟದಿದ್ದರೂ ಸೆಪ್ಟೆಂಬರಿನಲ್ಲಿ ಆ ನೀರು ಏರಿ ಬಂದೇ ಬರುತ್ತದೆ. ಅದು ಹೆಚ್ಚುತ್ತಿದೆಯೇ, ಹೆಚ್ಚಿದ್ದರೆ ಅದರಲ್ಲಿ ಗೊಬ್ಬರದ ಪಾಲೆಷ್ಟು ಎಂಬುದರಲ್ಲಿ ವಿಜ್ಞಾನಿಗಳಲ್ಲಿಯೇ ಭಿನ್ನಾಭಿಪ್ರಾಯವಿದೆ. ನಮ್ಮ ಹೊಳೆಗಳು ಮಿಸ್ಸಿಸಿಪಿಯಂತಹವಲ್ಲ. ಕೊಡಗಿನಲ್ಲಿ ಹುಟ್ಟಿ ಪಯಸ್ವಿನಿಯೆಂಬ ಹೆಸರಿನಿಂದ ಸುಳ್ಯವನ್ನು ಹಾದು ಗಡಿ ದಾಟಿ ಬರುವ ಚಂದ್ರಗಿರಿಯ ಉದ್ದ ಸುಮಾರು ನೂರು ಕಿಲೋಮೀಟರು ಮಾತ್ರ. ಪಟ್ಟಣಗಳ ಚರಂಡಿ ನೀರನ್ನು ಮರೆತು ರೈತನೊಬ್ಬನ ಮೇಲೆಯೇ ದೂರು ಹಾಕುವುದನ್ನೂ ನಾವು ಒಪ್ಪುವುದಿಲ್ಲ. ಆದರೆ ಇದನ್ನೇ ಇನ್ನೊಂದು ಬಗೆಯಿಂದಲೂ ನೋಡಬೇಕು. ಮೊದಲೇ ದಮ್ಮು ಇರುವ ಮನುಷ್ಯನ ಕೋಣೆಯಲ್ಲಿ ಒಂದು ಬೀಡಿಯ ಹೊಗೆಯೂ ಹೆಚ್ಚೇ. ಉತ್ತರದ ಕಡಲುಗಳಿಗೆ ಇರುವಷ್ಟು ಉಸಿರಿನ ಉಳಿತಾಯ ನಮ್ಮ ಕಡಲಿಗಿಲ್ಲ.

ಒಳನಾಡಿನ ಓದುಗರು ಇದು ತಮಗೆ ಸಂಬಂಧಿಸಿದುದಲ್ಲವೆಂದು ಪುಟ ಮಗುಚಬಾರದು. ಸೊಲ್ಲಾಪುರದ ಕಡೆಯ ಭೀಮೆ, ರಾಯದುರ್ಗದ ಕಡೆಯ ವೇದಾವತಿ ಕೊನೆಗೆ ಕೃಷ್ಣೆಯನ್ನು ಸೇರುತ್ತವೆ. ವಯನಾಡಿನ ಕಬಿನಿ, ನೀಲಗಿರಿಯ ಮೋಯಾರು ಕಾವೇರಿಗೆ. ಹೊಸೂರಿನ ದಕ್ಷಿಣ ಪಿನಾಕಿನಿ ನೇರವಾಗಿ ಕಡಲಿಗೆ. ಎಲ್ಲವೂ ಮುಟ್ಟುವುದು ಬಂಗಾಳ ಕೊಲ್ಲಿಯನ್ನು. ಅಲ್ಲಿನ ನಡುವಣ ಆಳದಲ್ಲಿಯೂ ಆಮ್ಲಜನಕ ತೀರ ಕಡಮೆ. ಅರಬ್ಬೀ ಸಮುದ್ರದಂತೆ ಪೂರ್ತಿ ಮುಗಿಯದೆ ಎಳೆಯಷ್ಟು ಉಳಿದುಕೊಂಡಿರುವುದು 2017ರಲ್ಲಿ ಪ್ರಕಟವಾದ ಸೂಕ್ಷ್ಮ ಮಾಪನಗಳಿಂದ ತಿಳಿದುಬಂತು.

ಗೊಬ್ಬರಕ್ಕಿಂತಲೂ ವ್ಯಾಪಕವಾದ ಕಾರಣ ಭೂಮಿಯ ಕಾವು ಏರುತ್ತಿರುವುದು. ಮೇಲುನೀರು ಬೆಚ್ಚಗಾದಂತೆ ಹಿಡಿಯುವ ಆಮ್ಲಜನಕ ಕಡಮೆಯಾಗುತ್ತದೆ, ಮುಚ್ಚಳ ಗಟ್ಟಿಯಾಗುತ್ತದೆ, ಮೀನಿನ ಮೈ ಬೆಚ್ಚಗಾಗಿ ಅದಕ್ಕೆ ಬೇಕಾಗುವ ಉಸಿರು ಹೆಚ್ಚುತ್ತದೆ. ಮೂರು ಕಡೆಯಿಂದಲೂ ಪೆಟ್ಟು. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸುವ ಲೋಕವೆಲ್ಲ ಕೂಡಿ ಸರಿಪಡಿಸಬೇಕಾದ ಕೆಲಸವದು, ಒಂದು ಹಳ್ಳಿಯ ಕೈಗೆ ನಿಲುಕುವುದಲ್ಲ. ಗೊಬ್ಬರದ ಕೆಲಸ ಹಾಗಲ್ಲ. ನಿಲ್ಲಿಸಿದರೆ ಫಲ ಕಾಣುತ್ತದೆಯೇ ಎಂದು ಕೇಳಿದರೆ, ಯಾರೂ ಬೇಕೆಂದು ಮಾಡದ ಒಂದು ಪ್ರಯೋಗ ಕಪ್ಪು ಸಮುದ್ರದಲ್ಲಿ ನಡೆದುಹೋಗಿದೆ. ಡ್ಯಾನ್ಯೂಬ್ ನದಿಯ ದಡದ ಸಮಾಜವಾದಿ ದೇಶಗಳಲ್ಲಿ ಸರಕಾರವೇ ಅಗ್ಗದ ಬೆಲೆಗೆ ಗೊಬ್ಬರ ಹಂಚಿದ ಕಾಲದಲ್ಲಿ, 1973ರಿಂದ ಆ ಸಮುದ್ರದ ವಾಯವ್ಯ ಭಾಗದ ತಳ ಉಸಿರುಗಟ್ಟತೊಡಗಿ, 1990ರ ವೇಳೆಗೆ ಸತ್ತ ವಲಯ 40,000 ಚದರ ಕಿಲೋಮೀಟರಿನವರೆಗೂ ಬೆಳೆದಿತ್ತು. ಸೋವಿಯೆತ್ ಒಕ್ಕೂಟ ಮುರಿದು ಸಹಾಯಧನ ನಿಂತಿತು. ಗೊಬ್ಬರ ಕೊಳ್ಳಲು ರೈತರಲ್ಲಿ ಹಣವಿರಲಿಲ್ಲ. 1996ರಲ್ಲಿ, ಇಪ್ಪತ್ತಮೂರು ವರ್ಷಗಳಲ್ಲಿ ಮೊದಲ ಬಾರಿಗೆ, ಆ ವಲಯ ಕಾಣಿಸಲಿಲ್ಲ. ರೈತರ ಬಡತನದಿಂದ ಬಂದ ಸುಧಾರಣೆಯನ್ನು ನಾವು ಹೊಗಳುತ್ತಿಲ್ಲ. ಸೋರಿಕೆ ನಿಂತರೆ ಕಡಲು ಚೇತರಿಸಿಕೊಳ್ಳುತ್ತದೆಂಬುದಷ್ಟೇ ಅದರಿಂದ ತಿಳಿಯತಕ್ಕದ್ದು. ಆದರೆ ಎಲ್ಲ ಕಡಲೂ ಅಷ್ಟು ಬೇಗ ಮನ್ನಿಸುವುದಿಲ್ಲ. ಯುರೋಪಿನ ಬಾಲ್ಟಿಕ್ ಸಮುದ್ರಕ್ಕೆ ಗೊಬ್ಬರ, ಚರಂಡಿಗಳ ಹರಿವನ್ನು ಬಹಳ ಮಟ್ಟಿಗೆ ತಗ್ಗಿಸಿದ್ದರೂ, ತಳದ ಕೆಸರಿನಲ್ಲಿ ಕೂತ ರಂಜಕ ಮತ್ತೆ ಮತ್ತೆ ಮೇಲೆದ್ದು ಪಾಚಿಯನ್ನು ಬೆಳೆಸುತ್ತಿದೆ.

ನಮ್ಮ ಕೈಯಲ್ಲಿರುವುದು ಸೋರಿಕೆಯನ್ನು ತಡೆಯುವುದು. ಗೊಬ್ಬರ ಬಿಡಿ ಎಂದು ನಾವು ಹೇಳುತ್ತಿಲ್ಲ. ಬೆಳೆಗೆ ಹಾಕಿದುದು ಬೆಳೆಗೇ ಹೋಗಲಿ. ಏಣಿಲು ಗದ್ದೆಗೆ ನೇಜಿಯ ಹೊತ್ತಿನಲ್ಲೇ ಚೀಲ ಪೂರ್ತಿ ಸುರಿದುಬಿಡುವ ಅಭ್ಯಾಸ ಇನ್ನೂ ಕೆಲವೆಡೆ ಇದೆ. ಎಳೆಯ ಪೈರು ಅಷ್ಟನ್ನು ಉಣ್ಣಲಾರದು. ಮರುದಿನದ ಜಡಿಮಳೆಗೆ ಗದ್ದೆ ತುಂಬಿ ಹರಿದರೆ ಹಣವೂ ಹರಿದಂತೆ. ಎರಡು ಮೂರು ಕಂತು ಮಾಡಿ, ಮಳೆ ಬಿಡುವು ಕೊಟ್ಟ ದಿನ ನೀರನ್ನು ಇಳಿಸಿ ಎರಚಿ, ಆಮೇಲೆ ಕೆಲವು ದಿನ ನೀರಿನ ಬಾಯಿ ಕಟ್ಟಬೇಕು. ಎಲೆಯ ಹಸಿರನ್ನು ಹೋಲಿಸಿ ನೋಡುವ ಬಣ್ಣದ ಪಟ್ಟಿ ಕೃಷಿ ಇಲಾಖೆಯವರಲ್ಲಿ ವಿಚಾರಿಸಿದರೆ ತಿಳಿಯುತ್ತದೆ; ಪೈರು ಹಸಿದಿದೆಯೇ ಇಲ್ಲವೇ ಎಂಬುದನ್ನು ಅದು ನೆರೆಮನೆಯವರ ಮಾತಿಗಿಂತ ಚೆನ್ನಾಗಿ ಹೇಳುತ್ತದೆ. 2015ರಿಂದ ನಮ್ಮ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಕಡ್ಡಾಯವಾಗಿರುವುದರಿಂದ ಅದು ಮೊದಲಿಗಿಂತ ನಿಧಾನವಾಗಿ ಬಿಡುಗಡೆಯಾಗುತ್ತದೆ. ಹಾಗೆಂದು ಮಳೆಯ ನಡುವೆ ಎರಚಿದರೆ ಲೇಪವೂ ಕಾಯದು.

ಅಡಿಕೆ ತೋಟದವರಿಗೆ ಕಾಸರಗೋಡಿನ ತೋಟಬೆಳೆ ಸಂಶೋಧನಾ ಕೇಂದ್ರದವರ ಶಿಫಾರಸು ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ ಹಸಿರು ಸೊಪ್ಪು ಮತ್ತು ಕಾಂಪೋಸ್ಟ್ ತಲಾ 12 ಕಿಲೋ. 100 ಗ್ರಾಂ ಸಾರಜನಕವೆಂದರೆ ಯೂರಿಯಾ ಲೆಕ್ಕದಲ್ಲಿ ಸುಮಾರು 220 ಗ್ರಾಂ. ಎರಡು ಕಂತಿಗೆ ಹಂಚಿದರೆ ಕಂತಿಗೆ 110 ಗ್ರಾಂ. ಬುಡಕ್ಕೆ ಬೊಗಸೆಗಟ್ಟಲೆ ಸುರಿಯುವವರು ಒಮ್ಮೆ ತಕ್ಕಡಿಯಲ್ಲಿ ತೂಗಿ ನೋಡಲಿ. ಎರಡನೆಯ ಕಂತು ಬೀಳುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಎದುರಿನ ಕಡಲಿಗೆ ಉಸಿರು ಅತಿ ಕಡಮೆಯಿರುವ ಹೊತ್ತಿನಲ್ಲಿಯೇ. ಆ ಕಂತನ್ನು ಮಳೆ ಹಿಂದೆಗೆದು ಬಸಿಗಾಲುವೆಯ ಹರಿವು ನಿಂತ ಮೇಲೆ, ಮರದ ಸುತ್ತ ತೆಗೆದ ಪಾತಿಯಲ್ಲಿ ಹಾಕಿ, ಮೇಲೆ ಸೊಪ್ಪು ಹೊದೆಸಿ ಮಣ್ಣು ಮುಚ್ಚಬೇಕು.